ನೆತ್ತಿಯ ಮೇಲಿನ ದಾರಿ

ಏಪ್ರಿಲ್ 24ರ ಸುಮಾರಿಗೆ, ಮಧ್ಯಾಹ್ನ 12 ಗಂಟೆ 17 ನಿಮಿಷದ ಹೊತ್ತಿಗೆ ಬೆಂಗಳೂರಿನ ಪುಲಿಕೇಶಿನಗರದ ಕೋಲ್ಸ್ ಪಾರ್ಕಿನಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ ನೋಡಿ. ನೆರಳು ಬುಡದಲ್ಲೇ ಅಡಗಿಬಿಡುತ್ತದೆ. ಆಗಸ್ಟ್ 18ರ ಆಸುಪಾಸಿನಲ್ಲಿ ಮತ್ತೊಮ್ಮೆ ಹಾಗೆಯೇ. ನಮ್ಮ ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆ ಎರಡು ದಿನ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ.

ಭೂಮಿ ಸೂರ್ಯನನ್ನು ಸುತ್ತುವ ಸಮತಲವೇ ಕ್ರಾಂತಿವೃತ್ತದ ಸಮತಲ. ನಮ್ಮ ಭೂಮಧ್ಯರೇಖೆ ಇದಕ್ಕೆ ಸುಮಾರು 23.4 ಡಿಗ್ರಿ ಓರೆ. ಈ ಓರೆ ಇರದಿದ್ದರೆ ಋತುಗಳೂ ಇಲ್ಲ, ನೆರಳಿಲ್ಲದ ಆ ಮಧ್ಯಾಹ್ನವೂ ಇಲ್ಲ.

ನನಗೆ ಇನ್ನೂ ದೊಡ್ಡ ಅಚ್ಚರಿ ಗ್ರಹಗಳದ್ದು. ಅವೂ ಹೆಚ್ಚುಕಡಿಮೆ ಇದೇ ಸಮತಲದಲ್ಲಿ ಸುತ್ತುತ್ತವೆ. ಹಾಗಾಗಿ ಮಹಡಿಯ ಮೇಲೆ ನಿಂತು ಗುರುವನ್ನೋ ಶನಿಯನ್ನೋ ಹುಡುಕುವವರು ಇಡೀ ಆಕಾಶ ಜಾಲಾಡಬೇಕಿಲ್ಲ. ಸೂರ್ಯ ಚಂದ್ರರು ಸಾಗುವ ಪಟ್ಟಿಯನ್ನೇ ಹಿಡಿದು ಹೋದರೆ ಸಾಕು.

ಚಂದ್ರನ ದಾರಿ ಮಾತ್ರ ಕ್ರಾಂತಿವೃತ್ತಕ್ಕೆ ಸುಮಾರು 5 ಡಿಗ್ರಿ ವಾಲಿದೆ. ಅದಕ್ಕೇ ಪ್ರತಿ ಅಮಾವಾಸ್ಯೆಗೂ ಗ್ರಹಣವಾಗುವುದಿಲ್ಲ. ಸೂರ್ಯ ಚಂದ್ರರ ಈ ಎರಡು ದಾರಿಗಳು ಕೂಡುವ ಬಿಂದುಗಳೇ ರಾಹು, ಕೇತು. ಮಕ್ಕಳಿಗೆ ರಾಹುವನ್ನು ಹೆದರಿಸುವ ಹಾವಾಗಿ ಅಲ್ಲ, ಈ ಲೆಕ್ಕವಾಗಿ ಹೇಳಿಕೊಡೋಣ. ಪಂಚಾಂಗದವರು ಗ್ರಹಣವನ್ನು ಮುಂಚಿತವಾಗಿ ಹೇಳುತ್ತ ಬಂದದ್ದು ಇದೇ ಬಿಂದುಗಳನ್ನು ಎಣಿಸಿ. ಅವೂ ನಿಂತಲ್ಲಿ ನಿಲ್ಲುವುದಿಲ್ಲ, ಸುಮಾರು 18.6 ವರ್ಷಕ್ಕೊಂದು ಸುತ್ತು ಮುಗಿಸುತ್ತವೆ.