ಹಿತ್ತಿಲ ಹೀರೆ, ಬೇಲಿಯಾಚೆಯ ರೇಷ್ಮೆಸೊಪ್ಪು



ದೊಡ್ಡಆಲಹಳ್ಳಿಯ ಕಡೆ ಹಿತ್ತಿಲ ಚಪ್ಪರದಲ್ಲಿ ಹೀರೆಯೋ ಸೋರೆಯೋ ಇರುತ್ತದೆ, ಬೇಲಿಯಾಚೆ ಹಿಪ್ಪುನೇರಳೆ. ಹೀಚು ಕೊಳೆತು ಉದುರಿತೆಂದು ಔಷಧಿ ಹೊಡೆದಿರೋ, ಗಾಳಿಗೆ ಅದು ಸೊಪ್ಪಿನ ಮೇಲೆ ಕೂತೀತು. ಔಷಧಿ ಅಂತೀವಿ, ಅದು ವಿಷವೇ. ಆ ಸೊಪ್ಪು ತಿಂದ ರೇಷ್ಮೆಹುಳು ಕಕ್ಕಿ ಸಾಯುತ್ತದೆ. ನಾಲ್ಕು ಹೀರೆಕಾಯಿ ಉಳಿಸಹೋಗಿ, ರಾಮನಗರದ ಮಾರುಕಟ್ಟೆಗೆ ಒಯ್ಯಬೇಕಾದ ಗೂಡನ್ನು ಕಳೆದುಕೊಳ್ಳುವುದೇ?

ಹೀಚು ಕೆಡಿಸುವುದು ಹಣ್ಣುನೊಣ. ಎಳೆಗಾಯಿಯನ್ನು ಚುಚ್ಚಿ ಒಳಗೆ ಮೊಟ್ಟೆಯಿಡುತ್ತದೆ. ಚುಚ್ಚಿದ ಕಡೆ ಅಂಟು ಒಸರುತ್ತದೆ. ಕಾಯಿಯೊಳಗಿನ ಹುಳುವಿಗೆ ಹೊರಗೆ ಹೊಡೆದ ಔಷಧಿ ತಾಗುವುದು ಕಷ್ಟ. ಬಲಿತ ಹುಳು ಮಣ್ಣಿಗಿಳಿದು ಕೋಶವಾಗಿ, ಮತ್ತೆ ನೊಣವಾಗಿ ಏಳುತ್ತದೆ. ಆದುದರಿಂದ ಕೆಟ್ಟ ಕಾಯನ್ನು ತಿಪ್ಪೆಗೆ ಎಸೆಯಬೇಡಿ, ಎಸೆದರೆ ನೊಣ ಸಾಕಿದ ಹಾಗೆಯೇ! ದಿನವೂ ಆರಿಸಿ, 2 ಅಡಿ ಗುಂಡಿಯಲ್ಲಿ ಹೂತು, ಮಣ್ಣು ತುಳಿಯಿರಿ. ಪಾತಿಯ ಮಣ್ಣು ಕೆದಕಿದರೆ ಕೋಶ ಬಿಸಿಲಿಗೆ ಬೀಳುತ್ತದೆ. ಮಿಕ್ಕದ್ದನ್ನು ಕೋಳಿ ನೋಡಿಕೊಳ್ಳುತ್ತದೆ. ಹೀಚು ಕಚ್ಚಿದ 2–3 ದಿನಕ್ಕೆ ಕಾಗದದ ಚೀಲ ಕಟ್ಟಿಬಿಟ್ಟರೆ ಇನ್ನೂ ಒಳ್ಳೆಯದು. ಕ್ಯೂಲೂರ್ ಬಲೆಯನ್ನೂ ತೂಗುಹಾಕಬಹುದು. ಅದಕ್ಕೆ ಬೀಳುವುದು ಗಂಡುನೊಣ, ಅದೊಂದನ್ನೇ ನಂಬಿ ಕೂರಬೇಡಿ.

ಎಳೆಸಸಿಯ ಎಲೆಯನ್ನು ತೂತು ಮಾಡುವುದು ಕೆಂಪು ದುಂಬಿ. ಬೆಳಗಿನ ತಂಪಿಗೆ ಅದು ಮಂಕಾಗಿರುತ್ತದೆ. ಹಿಡಿದು ಸೋಪಿನ ನೀರಿಗೆ ಹಾಕಿ. ಇಬ್ಬನಿ ಆರುವ ಮುಂಚೆ ಒಲೆಯ ಬೂದಿ ಉದುರಿಸಿದರೆ ಎಲೆಗೆ ಹತ್ತುತ್ತದೆ.

ಆಗಲೇ ಔಷಧಿ ಹೊಡೆದಾಗಿದೆಯೇ? ಬೇಲಿಯಂಚಿನ ಸೊಪ್ಪು ಕೊಯ್ಯಬೇಡಿ. ಪಕ್ಕದ ತೋಟದವರಿಗೆ ಇವತ್ತೇ ಹೇಳಿ. ಅನುಮಾನದ ಸೊಪ್ಪಿದ್ದರೆ ಮೊದಲು ಹತ್ತಾರು ಹುಳುವಿಗೆ ಹಾಕಿ ನೋಡಿ, ಆಮೇಲೆ ಉಳಿದ ತಟ್ಟೆಗಳಿಗೆ ಕೊಡಿ.