ಬಲಿಪೀಠದ ಮೇಲಿನ ಮಗ: ಮೂರು ಧರ್ಮಗಳು ಓದಿದ ಒಂದು ಕಥೆ



ಈ ದತ್ತಿ ಯಾರ ನೆನಪಿನಲ್ಲಿ ನಡೆಯುತ್ತಿದೆಯೋ ಆ ಮೇಷ್ಟ್ರ ಹೆಸರಿನ ವೇದಿಕೆಯಲ್ಲಿ ನಿಲ್ಲುವ ಅವಕಾಶ ಸಿಕ್ಕಿದ್ದನ್ನು ನನ್ನ ಭಾಗ್ಯವೆಂದೇ ತಿಳಿಯುತ್ತೇನೆ. ಒಂದು ಧರ್ಮದ ಗ್ರಂಥವನ್ನು ಅದನ್ನು ನಂಬಿದವರು ಹೇಗೆ ಓದುತ್ತಾರೆಂದು ಮೊದಲು ತಿಳಿಯಬೇಕು, ತೀರ್ಪೇನಿದ್ದರೂ ಆಮೇಲೆ ಎಂಬ ಶಿಸ್ತನ್ನು ಅವರು ಪಾಠದಲ್ಲಿ ಎಂದೂ ಸಡಿಲಿಸಿದವರಲ್ಲ. ಇಂದಿನ ನನ್ನ ಮಾತು ಆ ಶಿಸ್ತಿಗೆ ಋಣಿ.

ಯೆಹೂದಿ, ಕ್ರೈಸ್ತ ಮತ್ತು ಇಸ್ಲಾಂ ಧರ್ಮಗಳ ನಂಬಿಕೆಗಳ ಸ್ಥೂಲ ಹೋಲಿಕೆ ಯಾವ ಪರಿಚಯ ಗ್ರಂಥದಲ್ಲೂ ಸಿಗುತ್ತದೆ. ಮೂರೂ ಒಬ್ಬನೇ ದೇವರನ್ನು ನಂಬುತ್ತವೆ. ಪ್ರವಾದಿಗಳನ್ನೂ ಅಂತಿಮ ತೀರ್ಪನ್ನೂ ಒಪ್ಪುತ್ತವೆ. ಯೇಸುವನ್ನು ಯೆಹೂದಿಗಳು ಮೆಸ್ಸೀಯನೆಂದು ಒಪ್ಪುವುದಿಲ್ಲ. ಕ್ರೈಸ್ತರಿಗೆ ಅವನು ದೇವರ ಮಗ. ಮುಸ್ಲಿಮರಿಗೆ ಈಸಾ ಗೌರವಾನ್ವಿತ ಪ್ರವಾದಿ, ದೇವರ ಮಗನಲ್ಲ. ಆದಾಮನ ಪಾಪ ಹುಟ್ಟಿನಿಂದಲೇ ಎಲ್ಲರಿಗೂ ಅಂಟಿಬರುತ್ತದೆ ಎಂಬ ಆದಿಪಾಪದ ಸಿದ್ಧಾಂತವನ್ನು ಪಾಶ್ಚಾತ್ಯ ಕ್ರೈಸ್ತರಲ್ಲಿ ಬೇರೂರಿಸಿದವನು ಸಂತ ಅಗಸ್ಟೀನ್. ಉಳಿದೆರಡು ಧರ್ಮಗಳಲ್ಲಿ ಅದಕ್ಕೆ ಜಾಗವಿಲ್ಲ. ಇಷ್ಟನ್ನು ಹೇಳಿ ಮುಂದಕ್ಕೆ ಹೋಗುತ್ತೇನೆ. ಇಂಥ ಪಟ್ಟಿಯಿಂದ ಯಾರು ಏನನ್ನು ನಂಬುತ್ತಾರೆಂದು ತಿಳಿಯುತ್ತದೆ, ಆ ನಂಬಿಕೆ ಹೇಗೆ ರೂಪುಗೊಂಡಿತೆಂದು ತಿಳಿಯುವುದಿಲ್ಲ. ಅದಕ್ಕೆ ಮೂವರೂ ಹಂಚಿಕೊಂಡ ಒಂದೇ ಕಥೆಯನ್ನು ಹಿಡಿದು ಕೂರಬೇಕು.

ಕಥೆ ಮತ್ತು ಅದರ ಮೌನ

ಬೈಬಲಿನ ಆದಿಕಾಂಡದ 22ನೇ ಅಧ್ಯಾಯದಲ್ಲಿ ಅಬ್ರಹಾಮನಿಗೆ ದೇವರ ಅಪ್ಪಣೆಯಾಗುತ್ತದೆ: ಮಗ ಇಸಾಕನನ್ನು ಬಲಿ ಕೊಡಬೇಕು. ಸೌದೆಯನ್ನು ಮಗನ ಹೆಗಲಿಗೇರಿಸಿ ತಂದೆ ಬೆಟ್ಟ ಹತ್ತುತ್ತಾನೆ. ಬಲಿಗೆ ಕುರಿಮರಿ ಎಲ್ಲಿ ಎಂದು ಮಗ ಕೇಳುತ್ತಾನೆ, ದೇವರೇ ಒದಗಿಸುತ್ತಾನೆ ಎಂದು ತಂದೆ ಹೇಳುತ್ತಾನೆ. ಕತ್ತಿ ಎತ್ತಿದ ಕ್ಷಣದಲ್ಲಿ ದೂತ ತಡೆಯುತ್ತಾನೆ. ಪೊದೆಯಲ್ಲಿ ಕೊಂಬು ಸಿಕ್ಕಿಕೊಂಡ ಟಗರು ಮಗನ ಬದಲು ಬಲಿಯಾಗುತ್ತದೆ. ಈ ಕಥೆ ಕೇಳಿದ ಕನ್ನಡಿಗರಿಗೆ ಸಿರಿಯಾಳ ಚಂಗಳೆಯರು ಮಗ ಚೀಲಾಳನನ್ನು ಅರ್ಪಿಸಿದ ಕಥೆ ತಟ್ಟನೆ ನೆನಪಾಗುತ್ತದೆ. ಎರಡಕ್ಕೂ ಸಂಬಂಧ ಕಲ್ಪಿಸಲು ನನ್ನಲ್ಲಿ ಆಧಾರವಿಲ್ಲ. ಆದರೆ ಆ ಕಥೆಯನ್ನು ಕೇಳಿ ಬೆಳೆದವರಿಗೆ ಮಗನ ಮನಸ್ಸಿನಲ್ಲಿ ಏನಿತ್ತು ಎಂಬ ಪ್ರಶ್ನೆಯ ಭಾರ ಬೇಗ ಅರ್ಥವಾದೀತು.

ಆದಿಕಾಂಡ ಅದನ್ನು ಹೇಳುವುದೇ ಇಲ್ಲ. ಕುರಿಮರಿಯ ಪ್ರಶ್ನೆ ಕೇಳಿದ ಮೇಲೆ ಇಸಾಕ ಬಾಯಿ ಬಿಡುವುದಿಲ್ಲ. ಅವನು ಒಪ್ಪಿದನೇ, ಹೆದರಿದನೇ, ಅವನಿಗೆ ಗೊತ್ತಾದರೂ ಇತ್ತೇ? ಮೂರು ಧರ್ಮಗಳ ಭಿನ್ನತೆ ತೆರೆದುಕೊಂಡಿದ್ದು ಈ ಮೌನವನ್ನು ತುಂಬಿದ ಬಗೆಯಲ್ಲಿ ಎಂಬುದೇ ನನ್ನ ವಾದ.

ಒಂದು ವಿವಾದ

ಯೆಹೂದಿ ಪರಂಪರೆ ಮಗನನ್ನು ಮಾತನಾಡಿಸಿತು. ಕ್ರಿ.ಶ. ಮೊದಲ ಶತಮಾನದ ಕೊನೆಯಲ್ಲಿ ಬರೆದ ಇತಿಹಾಸಕಾರ ಜೋಸೆಫಸ್‌ನ ಇಸಾಕ 25 ವರ್ಷದ ಯುವಕ. ವಿಷಯ ತಿಳಿದು ತಾನೇ ಸಂತೋಷದಿಂದ ಬಲಿಪೀಠದತ್ತ ಧಾವಿಸುತ್ತಾನೆ. ನಂತರದ ರಬ್ಬಿಗಳ ವ್ಯಾಖ್ಯಾನದಲ್ಲಿ ಅವನಿಗೆ 37 ವರ್ಷ. ಬೆಚ್ಚಿ ಅಲುಗಾಡಿದರೆ ಬಲಿ ಕೆಟ್ಟೀತೆಂದು, ತನ್ನನ್ನು ಬಿಗಿಯಾಗಿ ಕಟ್ಟುವಂತೆ ತಂದೆಯನ್ನು ಕೇಳಿಕೊಳ್ಳುತ್ತಾನೆ. ಇಂದಿಗೂ ಯೆಹೂದಿ ಹೊಸವರ್ಷದ ಎರಡನೆಯ ದಿನ ಈ ಅಧ್ಯಾಯವನ್ನು ಓದುತ್ತಾರೆ. ಆ ಹಬ್ಬದಲ್ಲಿ ಊದುವ ಟಗರಿನ ಕೊಂಬು ಇಸಾಕನ ಪುಣ್ಯವನ್ನು ದೇವರಿಗೆ ನೆನಪಿಸಿ ಕರುಣೆ ಬೇಡುತ್ತದೆ ಎಂಬುದು ಪರಂಪರೆಯ ನಂಬಿಕೆ.

ಹಾಗಾದರೆ ತಾನಾಗಿ ಒಪ್ಪಿದ ಮಗನ ಬಲಿಯಿಂದ ಇತರರಿಗೆ ಒಳಿತಾಗುತ್ತದೆ ಎಂಬ ಚಿಂತನೆ ಮೊದಲು ಯಾರದು? ವಿದ್ವಾಂಸ ಗೆಝಾ ವೆರ್ಮೆಶ್ 1961ರಲ್ಲಿ ಕೊಟ್ಟ ಉತ್ತರ ಇದು: ಕ್ರೈಸ್ತ ಧರ್ಮ ಹುಟ್ಟುವ ಮೊದಲೇ ಇಸಾಕನ ಬಲಿಗೆ ಪಾಪಪರಿಹಾರದ ಅರ್ಥ ಬಂದಿತ್ತು, ಯೇಸುವಿನ ಮರಣದ ಬಗ್ಗೆ ಅಪೊಸ್ತಲ ಪೌಲನ ಚಿಂತನೆ ಇದರಿಂದ ಬೆಳೆಯಿತು. ಫಿಲಿಪ್ ಡೇವಿಸ್ ಮತ್ತು ಬ್ರೂಸ್ ಚಿಲ್ಟನ್ 1978ರಲ್ಲಿ ಇದನ್ನು ತಲೆಕೆಳಗು ಮಾಡಿದರು: ಶಿಲುಬೆಯ ಸಿದ್ಧಾಂತಕ್ಕೆ ಪ್ರತಿಯಾಗಿ ರಬ್ಬಿಗಳು ಇಸಾಕನನ್ನು ಹಾಗೆ ಚಿತ್ರಿಸಿದರು, ಇದು ಕ್ರೈಸ್ತರ ನಂತರದ ಬೆಳವಣಿಗೆ.

ಮೃತ ಸಮುದ್ರದ ದಂಡೆಯ ಕುಮ್ರಾನ್‌ನ ನಾಲ್ಕನೇ ಗುಹೆಯಲ್ಲಿ ಸಿಕ್ಕ ಸುರುಳಿಗಳಲ್ಲಿ 4ಕ್ಯು225 ಎಂಬ ತುಣುಕು 1994ರಲ್ಲಿ ಪ್ರಕಟವಾದಾಗ ವಿವಾದ ಮತ್ತೆ ಕಾವೇರಿತು. ಲಿಪಿಯ ಆಧಾರದ ಮೇಲೆ ಇದನ್ನು ಕ್ರಿಸ್ತಶಕ ಆರಂಭದ ಆಸುಪಾಸಿಗೆ ಹಾಕುತ್ತಾರೆ. ಇಲ್ಲಿ ದೇವದೂತರು ಬಲಿಪೀಠದ ಮೇಲೆ ಕಣ್ಣೀರಿಡುತ್ತಾರೆ. ಮಸ್ತೇಮನೆಂಬ ದುಷ್ಟಶಕ್ತಿಯ ಪ್ರಚೋದನೆಯಿಂದ ಪರೀಕ್ಷೆ ನಡೆಯುತ್ತದೆ. ತಂದೆಯ ಉತ್ತರ ಕೇಳಿದ ಇಸಾಕ ಮತ್ತೊಮ್ಮೆ ಮಾತನಾಡುತ್ತಾನೆ. ಆದರೆ ಆ ಮಾತಿನ ಮೊದಲ ಅಕ್ಷರ ಮಾತ್ರ ಉಳಿದು ಚರ್ಮ ಹರಿದಿದೆ. ಆ ಅಕ್ಷರದಿಂದ ಬಿಗಿಯಾಗಿ ಕಟ್ಟು ಎಂಬ ಮಾತನ್ನು ಪುನಾರಚಿಸಿದ ವಿದ್ವಾಂಸರು ವೆರ್ಮೆಶ್‌ಗೆ ಗೆಲುವೆಂದರು. ಒಂದಕ್ಷರದ ಮೇಲೆ ಇಷ್ಟು ಕಟ್ಟಬಾರದು ಎಂದು ಎದುರಾಳಿಗಳು ಪಟ್ಟುಹಿಡಿದರು.

ಎರಡೂ ಪಕ್ಷದವರು ಎರಡು ಬೇರೆ ಪ್ರಶ್ನೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಿದ್ದಾರೆ ಎಂಬುದು ನನ್ನ ಖಚಿತ ಅಭಿಪ್ರಾಯ. ಮಗನ ಒಪ್ಪಿಗೆ ಒಂದು. ಆ ಒಪ್ಪಿಗೆಯಿಂದ ಇತರರ ಪಾಪ ಕಳೆಯುತ್ತದೆ ಎಂಬುದು ಇನ್ನೊಂದು. ಪುನಾರಚನೆಯನ್ನು ಒಪ್ಪದಿದ್ದರೂ ಕುಮ್ರಾನ್‌ನಲ್ಲಿ ಮಗನ ಎರಡನೆಯ ಮಾತು ಇದೆ. ಆದಿಕಾಂಡದ ಮೌನ ಆಗಲೇ ಮುರಿದಿದೆ. ಜೋಸೆಫಸ್ ಬಹಿರಂಗವಾಗಿ ಬರೆದದ್ದರ ಎಳೆ ಹಳೆಯದು ಎನ್ನಲು ಇದು ಸಾಕು. ಡೇವಿಸ್ ಮತ್ತು ಚಿಲ್ಟನ್ ಇದನ್ನು ಕ್ರೈಸ್ತರಿಗೆ ಕೊಟ್ಟ ಉತ್ತರವೆಂದು ತಳ್ಳುವಂತಿಲ್ಲ. ಆದರೆ ಉಳಿದಿರುವ ಆ ತುಣುಕಿನಲ್ಲಿ ಪಾಪಪರಿಹಾರದ ಸುಳಿವೂ ಇಲ್ಲ. ಅಲ್ಲಿಗೆ ವೆರ್ಮೆಶ್ ವಾದದ ದ್ವಿತೀಯಾರ್ಧಕ್ಕೆ ಆಧಾರ ತಪ್ಪುತ್ತದೆ.

ಕರೆಯದ ಸಾಕ್ಷಿ

ಈ ಎರಡೂ ಎಳೆಗಳು ಬೇರೆ ಬೇರೆಯೆಂದು ತೋರಿಸುವ ಬಲವಾದ ಸಾಕ್ಷಿಯನ್ನು ಬೈಬಲ್ ವಿದ್ವಾಂಸರು ಈ ಮೊಕದ್ದಮೆಗೆ ಕರೆದದ್ದೇ ಅಪರೂಪ. ಅದು ಕುರ್‌ಆನಿನ 37ನೇ ಅಧ್ಯಾಯ. ಅಲ್ಲಿ ಇಬ್ರಾಹೀಮರು (ಅಬ್ರಹಾಮ) ತಾವು ಕಂಡ ಕನಸನ್ನು ಮಗನಿಗೇ ಹೇಳಿ ಅವನ ಅಭಿಪ್ರಾಯ ಕೇಳುತ್ತಾರೆ. ಅಪ್ಪಣೆಯಾದದ್ದನ್ನು ಮಾಡಿ, ದೇವರಿಚ್ಛೆಯಿದ್ದರೆ ತಾಳಿಕೊಳ್ಳುತ್ತೇನೆ ಎಂಬ ಅರ್ಥದ ಮಾತನ್ನು ಮಗ ಆಡುತ್ತಾನೆ. ಇಬ್ಬರೂ ಶರಣಾಗುತ್ತಾರೆ. ಒಪ್ಪಿಗೆ ಇಷ್ಟು ಸ್ಪಷ್ಟವಾಗಿ ಮೂಲಗ್ರಂಥದ ಒಳಗೇ ಬಂದಿರುವುದು ಈ ಮೂರರಲ್ಲಿ ಇಲ್ಲೊಂದೇ ಕಡೆ. ಆದರೆ ಅದರಿಂದ ಯಾರ ಪಾಪವೂ ಕಳೆಯುವುದಿಲ್ಲ. ಮಗ ಯಾರಿಗೂ ಈಡಾಗುವುದಿಲ್ಲ. ಮಗನಿಗೇ ಒಂದು ದೊಡ್ಡ ಬಲಿ ಈಡಾಗಿ ಬರುತ್ತದೆ. ಬಕ್ರೀದ್ ಹಬ್ಬದ ಕುರ್ಬಾನಿಯ ಹಿಂದೆ ಇರುವುದು ಈ ನೆನಪು. ಪ್ರಾಣಿಯ ಮಾಂಸವೂ ರಕ್ತವೂ ದೇವರನ್ನು ತಲುಪುವುದಿಲ್ಲ, ತಲುಪುವುದು ಭಕ್ತಿ ಎಂಬುದು ಕುರ್‌ಆನಿನ 22ನೇ ಅಧ್ಯಾಯದ ಆಶಯ.

ಕ್ರೈಸ್ತರಲ್ಲಿ ದಿಕ್ಕೇ ಬೇರೆ. ಎರಡನೇ ಶತಮಾನದ ಸಾರ್ದಿಸ್‌ನ ಮೆಲಿಟೊ, ಸೌದೆ ಹೊತ್ತ ಇಸಾಕನಲ್ಲಿ ಶಿಲುಬೆ ಹೊತ್ತ ಕ್ರಿಸ್ತನ ಮುನ್ಸೂಚನೆ ಕಂಡ. ಆದರೆ ಇಸಾಕ ನೋಯಲಿಲ್ಲ, ಕ್ರಿಸ್ತ ನೊಂದ ಎಂದು ಗೆರೆಯೆಳೆದ. ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ತನ್ನ ಸ್ವಂತ ಮಗನನ್ನು ಉಳಿಸಿಕೊಳ್ಳದವನು ದೇವರೇ. ಅಬ್ರಹಾಮನ ಜಾಗಕ್ಕೆ ದೇವರು ಬಂದು ನಿಂತಿದ್ದಾನೆ. ಇಲ್ಲಿ ಮಗ ಇತರರಿಗಾಗಿ ಈಡಾಗುತ್ತಾನೆ. ಆದಿಪಾಪದ ಸಿದ್ಧಾಂತ ಇರುವಲ್ಲಿ ಇದು ಅನಿವಾರ್ಯ: ಹುಟ್ಟಿನಿಂದ ಬಂದ ಹೊರೆಯನ್ನು ಇನ್ನೊಬ್ಬ ಹೊರಬೇಕು. ಅಂಥ ಹೊರೆ ಇಲ್ಲವೆನ್ನುವ ಇಸ್ಲಾಮಿನಲ್ಲಿ ಅದೇ ಒಪ್ಪಿಗೆ ಶರಣಾಗತಿಯ ಆದರ್ಶವಾಗಿ ನಿಲ್ಲುತ್ತದೆ. ಯೆಹೂದಿಗಳಲ್ಲಿ ಅದು ಪೂರ್ವಜರ ಪುಣ್ಯವಾಗಿ ಸಂತತಿಗೆ ಆಸರೆಯಾಗುತ್ತದೆ. ಪಶ್ಚಾತ್ತಾಪ ಮಾತ್ರ ಅವರವರೇ ಪಡಬೇಕು.

ಎರಡು ಅವಸರಗಳು

ಇಷ್ಟು ನೋಡಿದ ಮೇಲೆ ಎರಡು ನಿಲುವುಗಳನ್ನು ನಾನು ಒಪ್ಪಲಾರೆ. ಅಬ್ರಹಾಮ್ ಗೈಗರ್ ಎಂಬ ವಿದ್ವಾಂಸ 1833ರಲ್ಲಿ, ಮುಹಮ್ಮದರು ಯೆಹೂದಿ ಧರ್ಮದಿಂದ ಪಡೆದದ್ದೇನು ಎಂದು ಪಟ್ಟಿ ಮಾಡಿದ. ಅವನ ಕಾಲಕ್ಕೆ ಅದು ಧೈರ್ಯದ ವಿದ್ವತ್ತು. ಆದರೆ ಅವನ ಹಾದಿ ಹಿಡಿದವರು ಎಲ್ಲಿಂದ ಬಂತು ಎಂದು ತೋರಿಸಿದೊಡನೆ ಕೆಲಸ ಮುಗಿಯಿತೆಂದರು. ಒಪ್ಪಿಗೆಯ ಎಳೆಯನ್ನು ಉಳಿಸಿಕೊಂಡು ಪರಿಹಾರದ ಎಳೆಯನ್ನು ಬಿಟ್ಟದ್ದೇಕೆ ಎಂಬ ನಿಜವಾದ ಪ್ರಶ್ನೆಯನ್ನು ಅವರು ಕೇಳಲೇ ಇಲ್ಲ.

ಎರಡನೆಯದು ನಮ್ಮ ಸಭೆಗಳಲ್ಲಿ ಹೆಚ್ಚು ಪ್ರಿಯವಾದದ್ದು: ಮೂವರ ಮೂಲಪುರುಷ ಒಬ್ಬನೇ, ಆದ್ದರಿಂದ ಮೂರೂ ಒಂದೇ. ಸದುದ್ದೇಶ ನಿಜ, ವಾದ ದುರ್ಬಲ. ಪೌಲನ ಅಬ್ರಹಾಮ ವಿಶ್ವಾಸದಿಂದ ನೀತಿವಂತನಾದವನು; ರಬ್ಬಿಗಳವನು ಧರ್ಮಶಾಸ್ತ್ರ ಕೊಡಲ್ಪಡುವ ಮೊದಲೇ ಅದನ್ನು ಪಾಲಿಸಿದವನು; ಕುರ್‌ಆನಿನ ಇಬ್ರಾಹೀಮರು ಯೆಹೂದಿಯೂ ಅಲ್ಲದ ಕ್ರೈಸ್ತರೂ ಅಲ್ಲದ ಶುದ್ಧ ಏಕದೇವನಿಷ್ಠರು. ಈ ಮೂರನ್ನು ಕಲಸಿದರೆ ಮೂವರಿಗೂ ಗುರುತು ಸಿಗದ ಒಬ್ಬ ಅಬ್ರಹಾಮ ಉಳಿಯುತ್ತಾನೆ. ಯೆಹೂದಿ ವಿದ್ವಾಂಸ ಜಾನ್ ಲೆವೆನ್‌ಸನ್ 2012ರಲ್ಲಿ ಇದೇ ಎಚ್ಚರಿಕೆ ಕೊಟ್ಟರು. ಅವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ.

ಹಾಗೆಂದು ಭಿನ್ನತೆಯ ಗೋಡೆಗಳು ಧರ್ಮಗಳ ನಡುವೆ ಮಾತ್ರ ಇವೆ ಎನ್ನುವವರಿಗೂ ಒಂದು ಮಾತು. ಕುರ್‌ಆನಿನ ಆ ಪ್ರಸಂಗದಲ್ಲಿ ಮಗನ ಹೆಸರಿಲ್ಲ. ಅದು ಇಬ್ರಾಹೀಮರ ಇನ್ನೊಬ್ಬ ಮಗ ಇಸ್ಮಾಯೀಲರೆಂದು ಇಂದು ಬಹುತೇಕ ಮುಸ್ಲಿಮರು ನಂಬುತ್ತಾರೆ. 1373ರಲ್ಲಿ ತೀರಿಕೊಂಡ ವ್ಯಾಖ್ಯಾನಕಾರ ಇಬ್ನ್ ಕಸೀರ್ ಅದನ್ನು ಗಟ್ಟಿಯಾಗಿ ಪ್ರತಿಪಾದಿಸಿದರು. ಆದರೆ 923ರಲ್ಲಿ ತೀರಿಕೊಂಡ ಮಹಾ ವ್ಯಾಖ್ಯಾನಕಾರ ತಬರಿ, ಎರಡೂ ಪಕ್ಷದ ಹೇಳಿಕೆಗಳನ್ನು ಸಾಲಾಗಿ ದಾಖಲಿಸಿ, ಅದು ಇಸ್ಹಾಕರೇ (ಇಸಾಕನೇ) ಎಂಬ ಪಕ್ಷಕ್ಕೆ ನಿಂತರು. ಅದರಿಂದ ಅವರ ವ್ಯಾಖ್ಯಾನದ ಗೌರವ ಕುಂದಲಿಲ್ಲ. ಎದುರು ಪಕ್ಷದ ಮಾತನ್ನೂ ಪೂರ್ತಿಯಾಗಿ ಬರೆದಿಟ್ಟು ಆಮೇಲೆ ತನ್ನ ತೀರ್ಮಾನ ಹೇಳುವ ಈ ಪದ್ಧತಿ ನಮ್ಮ ಮೇಷ್ಟ್ರಿಗೆ ಬಹಳ ಹಿಡಿಸುವಂಥದು.

ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇದು. ಹೀಬ್ರೂ, ಗ್ರೀಕ್, ಅರಬಿಗಳಲ್ಲಿ ಒಂದನ್ನಾದರೂ ಕಲಿಯಿರಿ. ಈ ಒಂದೇ ಕಥೆಯ ಮೇಲೆ ರಬ್ಬಿಗಳು, ಚರ್ಚಿನ ಪಿತೃಗಳು, ತಬರಿ ಬರೆದ ಪುಟಗಳನ್ನು ಮೂಲದಿಂದ ಕನ್ನಡಕ್ಕೆ ತಂದು, ಅಕ್ಕಪಕ್ಕ ಅಚ್ಚುಹಾಕಿದ ಒಂದು ಸಂಪುಟ ಬರಬೇಕು. ಎಲ್ಲಿ ಒಂದಾಗುತ್ತಾರೆ, ಎಲ್ಲಿ ಅಗಲುತ್ತಾರೆ, ಅಗಲಿದ್ದೇಕೆ ಎಂಬುದನ್ನು ಕನ್ನಡ ಓದುಗ ಆಗ ತಾನೇ ಕಂಡುಕೊಳ್ಳುತ್ತಾನೆ. ಆ ಕೆಲಸವನ್ನು ಈ ದತ್ತಿಯೇ ಕೈಗೆತ್ತಿಕೊಳ್ಳುವುದಾದರೆ ಸಂಪಾದನೆಯ ಹೊಣೆಯಲ್ಲಿ ನನ್ನ ಪಾಲನ್ನು ಹೊರಲು ಸಿದ್ಧನಿದ್ದೇನೆ.