ಮೇಷ್ಟ್ರಾಗುವ ಮುನ್ನ ಹದ ನೋಡೋಣ



ಬೆಳ್ಳಿಹಬ್ಬ ಕಂಡ ನಮ್ಮ ಸಂಘಕ್ಕೆ ಬೀಜ-ಗೊಬ್ಬರದ ಸಾಲ ಕೇಳುವವರ ಜೊತೆಗೆ, "ಮಗಳನ್ನ ಟೀಚರ್ ಮಾಡಬೇಕು, ಫೀಸಿಗೆ ದಾರಿ ತೋರಿಸ್ರಪ್ಪ" ಎನ್ನುವವರೂ ಬರುತ್ತಾರೆ. ಆಸೆ ಒಳ್ಳೆಯದೇ. ಬಿತ್ತುವ ಮುನ್ನ ಹದ ನೋಡುವ ನಾವು ಇಲ್ಲಿಯೂ ನೋಡಬೇಕಲ್ಲವೇ?

ಯಾವ ತರಗತಿಗೆ ಕಲಿಸುವುದೆಂದು ಮೊದಲು ತೀರ್ಮಾನವಾಗಲಿ. ಒಂದರಿಂದ ಐದನೇ ತರಗತಿಗೆ ಪಿ.ಯು.ಸಿ. ನಂತರ ಎರಡು ವರ್ಷದ ಡಿ.ಎಲ್.ಇಡಿ. ಓದಬೇಕು. ಬಿ.ಇಡಿ. ಪದವಿ ಈ ತರಗತಿಗಳಿಗೆ ಅರ್ಹತೆಯಲ್ಲವೆಂದು 2023ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ತಿಳಿಯದೆ ಹಣ ಕಟ್ಟಿದರೆ ಎರಡು ವರ್ಷದ ಬೆಳೆ ನೀರಿಗೆ ಹಾಕಿದಂತೆ. ಆಮೇಲೆ ಟಿ.ಇ.ಟಿ. ಇದೆ, 150 ಅಂಕಕ್ಕೆ ಸಾಮಾನ್ಯ ವರ್ಗದವರು 90 ತೆಗೆಯಬೇಕು. ಪಾಸಾದ ಕೂಡಲೇ ನೌಕರಿ ಬರೋದಿಲ್ಲ. ಸರ್ಕಾರ ನೇಮಕಾತಿ ಕರೆದಾಗ ಮತ್ತೆ ಪರೀಕ್ಷೆ. ನಡುವೆ ಅತಿಥಿ ಶಿಕ್ಷಕರ ಕೆಲಸ ಸಿಕ್ಕರೂ ಅದು ಆ ವರ್ಷದ ಮಟ್ಟಿಗೆ.

ಹೊಲ ಅಡ ಇಡುವ ಮುಂಚೆ ಒಂದು ಕೆಲಸ ಮಾಡಿಸೋಣ. ಓದುವ ಮಗ ಅಥವಾ ಮಗಳು ಕೇರಿಯ ನಾಲ್ಕು ಮಕ್ಕಳಿಗೆ ಒಂದು ತಿಂಗಳು ಸಂಜೆ ಹೊತ್ತು ಕಾಗುಣಿತ, ಮಗ್ಗಿ ಹೇಳಿಕೊಡಲಿ. ತಪ್ಪು ಓದುವ ಹುಡುಗನಿಗೆ ಹತ್ತನೇ ಸಲವೂ ಸಿಡುಕದೆ ಹೇಳೋಕೆ ಆಗುತ್ತಾ ನೋಡಲಿ. ಆಗುತ್ತದೆ ಎಂದಾದರೆ ನಾವು ಅಡ್ಡ ಬರೋದು ಬೇಡ, ಬೆನ್ನಿಗೆ ನಿಲ್ಲೋಣ. ಸಂಬಳ, ರಜೆ ಅಷ್ಟಕ್ಕೇ ಆದರೆ ಬೇರೆ ದಾರಿ ಲೇಸು. ಬೆಳೆ ಕೆಟ್ಟರೆ ಮುಂದಿನ ಮಳೆಗೆ ಬಿತ್ತಬಹುದು. ಊರ ಮಕ್ಕಳ ಒಂದನೇ ತರಗತಿ ಮತ್ತೆ ಬರೋದಿಲ್ಲ.